ಹಾಲಿ, ಕಲದಾರ ಮತ್ತು ಯೂರೋ

ಸಂಘದ ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಲೇಖನ ಕೊಡಲೇಬೇಕೆಂದು ಮಾನ್ಯ ಅಧ್ಯಕ್ಷರು ಪಟ್ಟು ಹಿಡಿದರು. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ಬರೆಯುತ್ತಿದ್ದಾರೆ. ನಾವು ರೊಕ್ಕದ ಇತಿಹಾಸ ಬರೆಯೋಣ ಅಂದುಕೊಂಡೆವು.

ನಮ್ಮ ಗಂಗಾವತಿ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹೊಳೆ ದಾಟಿದರೆ ಕಂಪ್ಲಿ. ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ, ಇಂಗ್ರೇಜಿ ಸರ್ಕಾರ. ಆಡುವ ಮಾತು ಒಂದೇ, ಬೀಗತನ ಒಂದೇ, ರೊಕ್ಕ ಮಾತ್ರ ಬೇರೆ. ಈಚೆ ದಡದಲ್ಲಿ ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ, ಆಚೆ ದಡದಲ್ಲಿ ಕಲದಾರ ರೂಪಾಯಿ. ಸರ್ಕಾರಿ ಲೆಕ್ಕದಲ್ಲಿ 100 ಕಲದಾರಕ್ಕೆ ಹಾಲಿ 116 ರೂಪಾಯಿ 10 ಆಣೆ 8 ಪೈ. ಅಂದರೆ 6 ಕಲದಾರಕ್ಕೆ 7 ಹಾಲಿ. ಶಾಲೆ ಮೆಟ್ಟಿಲು ಹತ್ತದ ನಮ್ಮ ಮುತ್ಯಾ ಈ ಲೆಕ್ಕವನ್ನು ಬೆರಳ ಮೇಲೆ ಮಾಡತಿದ್ದರು.

ಮುತ್ಯಾನದು ಸಣ್ಣ ಕಿರಾಣಿ ಅಂಗಡಿ. ಹರಗೋಲಿನಲ್ಲಿ ಹೊಳೆ ದಾಟಿ ಬೆಲ್ಲ ತರತಿದ್ದರು. 60 ಕಲದಾರದ ಬೆಲ್ಲ ತರಬೇಕೆಂದರೆ 70 ಹಾಲಿ ಬೇಕು. ರೊಕ್ಕ ಬದಲಿಸಿ ಕೊಡುವ ಸಾವಕಾರ ರೂಪಾಯಿಗೆ ಬರೀ ಅರ್ಧ ಆಣೆ ವಟ್ಟ ಹಿಡಿದನೆಂದು ಇಟ್ಟುಕೊಳ್ಳಿ, 2 ರೂಪಾಯಿ 3 ಆಣೆ ಅಲ್ಲೇ ಹೋಯಿತು. ಮೇಲೆ ಕರೋಡಗಿರಿ ನಾಕೆಯ ಸುಂಕ ಬೇರೆ. ಬೆಲ್ಲ ಮಾರಿ ಉಳಿಯುವುದೆಷ್ಟು? ‘ಲಾಭ ಎಲ್ಲಾ ಹೊಳಿಯಾಗ ಹೋಗತದೋ ತಮ್ಮಾ’ ಅಂತ ಅವರು ಹೇಳುತ್ತಿದ್ದುದು ನಮಗಿನ್ನೂ ನೆನಪಿದೆ.

ಸಂಸ್ಥಾನ ಹೋದ ಕೂಡಲೇ ಅದರ ರೊಕ್ಕ ಹೋಗಲಿಲ್ಲ. 1950ರಿಂದ ಭಾರತದ ರೂಪಾಯಿ ಇಲ್ಲಿಯೂ ಚಾಲ್ತಿಗೆ ಬಂತು, ಹಾಲಿಯೂ ಅದೇ 7ಕ್ಕೆ 6ರಂತೆ ಜೊತೆಯಲ್ಲೇ ನಡೆಯಿತು. ಹಾಲಿ ಪೂರ್ತಿ ರದ್ದಾದದ್ದು 1959ರಲ್ಲಿ. ಮುತ್ಯಾನಂಥ ಅಂಗಡಿಕಾರರಿಗೆ ಅದು ದೊಡ್ಡ ಹೊರೆ ಇಳಿದಂತೆ.

ಇದನ್ನೇ ಯುರೋಪಿನ ದೇಶಗಳು ಬೇರೆ ರೀತಿ ಮಾಡಿದವು. ಸರ್ಕಾರಗಳು ಬೇರೆ ಬೇರೆ ಇರಲಿ, ರೊಕ್ಕ ಒಂದೇ ಇರಲಿ ಎಂದು 1999ರ ಜನವರಿ 1ರಂದು 11 ದೇಶಗಳು ಯೂರೋ ಎಂಬ ಹಣವನ್ನು ಲೆಕ್ಕಪತ್ರಕ್ಕೆ ತಂದವು. ಗ್ರೀಸ್ 2001ರಲ್ಲಿ ಸೇರಿತು. 2002ರ ಜನವರಿ 1ರಂದು ನೋಟು, ನಾಣ್ಯ ಜನರ ಕೈಗೆ ಬಂದವು. ಜರ್ಮನಿಯಲ್ಲಿ 1.95583 ಮಾರ್ಕಿಗೆ ಒಂದು ಯೂರೋ, ಗ್ರೀಸಿನಲ್ಲಿ 340.75 ದ್ರಾಕ್ಮಾಕ್ಕೆ ಒಂದು. ಚಿಲ್ಲರೆ ಅಂಗಡಿಯವರು ಈ ಪಾಯಿಂಟುಗಳನ್ನು ಹಿಡಿದು ಹೇಗೆ ಒದ್ದಾಡಿದರೋ ಊಹಿಸಿಕೊಳ್ಳಿ! ಹೋಟೆಲಿನವರು ಲೆಕ್ಕ ಮೇಲಕ್ಕೆ ಏರಿಸಿಕೊಂಡರೆಂದು ಜರ್ಮನ್ ಜನ ಯೂರೋವನ್ನು ‘ಟೊಯ್ರೊ’ ಎಂದು ಹಂಗಿಸಿದರು. ಅವರ ಮಾತಿನಲ್ಲಿ ‘ಟೊಯರ್’ ಅಂದರೆ ತುಟ್ಟಿ. ಆದರೂ ಗಡಿಯಾಚೆ ಮಾಲು ಕೊಳ್ಳುವ ಸಣ್ಣ ವ್ಯಾಪಾರಿಗೆ ವಟ್ಟ ತಪ್ಪಿತು, ನಾಳೆ ರೇಟು ಏನಾಗುತ್ತದೋ ಎಂಬ ಚಿಂತೆಯೂ ತಪ್ಪಿತು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕತೆ ಹೇಳಿದಂತೆ. ಮೊದಲು ಗ್ರೀಸಿಗೆ ಕಷ್ಟ ಬಂದಾಗ ತನ್ನ ರೊಕ್ಕದ ಬೆಲೆ ತಾನೇ ಇಳಿಸಿಕೊಳ್ಳುತ್ತಿತ್ತು. 1985ರಲ್ಲಿ ನೂರಕ್ಕೆ 15ರಷ್ಟು ಇಳಿಸಿತ್ತು. ಹಾಗೆ ಮಾಡಿದರೆ ಹೊರಗಿನ ಮಾಲು ತುಟ್ಟಿಯಾದರೂ ಅವರ ಮಾಲು ಹೊರದೇಶದಲ್ಲಿ ಸೋವಿಯಾಗಿ ಖರ್ಚಾಗುತ್ತದೆ. ಯೂರೋ ಬಂದ ಮೇಲೆ ಆ ಹಗ್ಗ ಅವರ ಕೈಯಲ್ಲಿಲ್ಲ. 2015ರಲ್ಲಿ ಸಾಲದ ಮಾತುಕತೆ ಮುರಿದುಬಿತ್ತು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿರುವ ಯುರೋಪಿನ ಕೇಂದ್ರ ಬ್ಯಾಂಕು ಗ್ರೀಸಿನ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಹಣದ ಮಿತಿಯನ್ನು ಹೆಚ್ಚಿಸಲಿಲ್ಲ. ಜೂನ್ 29ರಿಂದ ಮೂರು ವಾರ ಬ್ಯಾಂಕು ಬಂದ್. ಮಷಿನ್‌ನಿಂದ ದಿನಕ್ಕೆ 60 ಯೂರೋ ಮಾತ್ರ. ಖಾತೆಯಲ್ಲಿ ರೊಕ್ಕ ಇದ್ದವನೂ ಹೊರದೇಶದ ಮಾಲಿಗೆ ಹಣ ಕಳಿಸಲು ಪರವಾನಗಿಗೆ ಕಾಯಬೇಕಾಯಿತು. ಆ ಕಟ್ಟುಪಾಡು ಪೂರ್ತಿ ತೆಗೆದದ್ದು 2019ರ ಸೆಪ್ಟೆಂಬರ್ 1ಕ್ಕೆ. ಒಂದೇ ರೊಕ್ಕ ಇರಬೇಕು ಎನ್ನುವವರೇ ನಾವು. ಆದರೆ ರೊಕ್ಕ ಒಂದು ಮಾಡಿದವರು ಕಷ್ಟದ ಹೊರೆಯನ್ನೂ ಹಂಚಿಕೊಳ್ಳಬೇಕು. ಯುರೋಪಿನವರು ಅದನ್ನು ಅರ್ಧಕ್ಕೇ ಬಿಟ್ಟಿದ್ದರು ಎಂಬುದು ನಮ್ಮ ಅಭಿಪ್ರಾಯ.

ಇದು ದೂರದ ಮಾತಲ್ಲ. 2016ರ ನವೆಂಬರ್ 8ರ ರಾತ್ರಿ ನಮ್ಮಲ್ಲಿ 500, 1000ದ ನೋಟು ರದ್ದಾದವು. 14ರಿಂದ ಜಿಲ್ಲಾ ಸಹಕಾರ ಬ್ಯಾಂಕುಗಳು ಹಳೇ ನೋಟು ತೆಗೆದುಕೊಳ್ಳಬಾರದು ಎಂದಾಯಿತು. ಸಂಘದ ಖಾತೆ ಇದ್ದದ್ದೇ ಅಲ್ಲಿ. ಹೊಲದಲ್ಲಿ ಭತ್ತ ಕೊಯ್ಲಿಗೆ ಬಂದು ನಿಂತಿತ್ತು, ಕೂಲಿಗೆ ಚಿಲ್ಲರೆ ಇಲ್ಲ. ಆಗ ನಿರ್ದೇಶಕರೆಲ್ಲ ಕೂತು ಒಂದು ತೀರ್ಮಾನ ಮಾಡಿದೆವು. ಸದಸ್ಯರು ಸಹಿ ಮಾಡಿದ ಚೀಟಿ ತಂದ ಕೂಲಿಯವರಿಗೆ ಸಂಘದ ಅಂಗಡಿಯಿಂದ ಅಕ್ಕಿ, ಎಣ್ಣೆ, ಬೇಳೆ ಕೊಡುವುದು, ಲೆಕ್ಕ ಸದಸ್ಯರ ಹೆಸರಿಗೆ ಬರೆಯುವುದು. ಒಂದು ತಿಂಗಳ ಮಟ್ಟಿಗೆ ಆ ಚೀಟಿಯೇ ನಮ್ಮೂರ ಹಾಲಿ ಸಿಕ್ಕಾ ಆಯಿತು. ಪಕ್ಕದ ಊರಿನಲ್ಲಿ ಅದನ್ನು ಕೇಳುವವರಿಲ್ಲ, ಊರೊಳಗೆ ಬೇಡ ಎಂದವರಿಲ್ಲ.

ಯುಗಾದಿಯೊಳಗೆ ಚೀಟಿಯ ಬಾಕಿಯೆಲ್ಲ ತೀರಿತು, ಇಬ್ಬರದು ಬಿಟ್ಟು. ಅವರ ಹೆಸರು ಇಲ್ಲಿ ಬೇಡ. ಸಂಚಿಕೆ ಅವರ ಮನೆಗೂ ಹೋಗುತ್ತದೆ.