ಪುರಾತನ ಮೋಟಾರು ಗಾಡಿಗಳ ತಂತಿಜಾಲದ ಪಾಠನಿರ್ಣಯ: ರಂಗಂಪೇಟೆಯ ಸೀಮೆಯ ನಿದರ್ಶನದೊಡನೆ

ಹಳೆಯ ಮೋಟಾರು ಗಾಡಿಗಳ ಜೀರ್ಣೋದ್ಧಾರದಲ್ಲಿ ಹೊರಮೈಯ ಬಣ್ಣ, ಆಸನದ ತೊಗಲು, ಇಂಜಿನ್ನಿನ ನಾದ ಇವುಗಳಿಗೆ ದೊರೆಯುವ ಆದರವು ಒಳಗಿನ ತಂತಿಗಳ ಕಟ್ಟಿಗೆ ದೊರೆಯುವುದು ವಿರಳ. ಕಾರಖಾನೆಯವರು ಇದನ್ನು ವೈರಿಂಗ್ ಎನ್ನುತ್ತಾರೆ. ಗಾಡಿಯ ಅಂಗಗಳಲ್ಲಿ ಬೇಗನೆ ನಶಿಸುವವುಗಳಲ್ಲಿ ಇದೂ ಒಂದು. ಪೂರ್ವಕಾಲದ ತಂತಿಗೆ ರಬ್ಬರಿನ ಹೊದಿಕೆಯೂ ಅದರ ಮೇಲೆ ಹತ್ತಿನೂಲಿನ ಹೆಣಿಗೆಯೂ ಇರುತ್ತಿದ್ದವು. ಕಾವಿಗೂ ಎಣ್ಣೆಗೂ ಸಿಕ್ಕಿ ರಬ್ಬರು ಬಿರಿಯುತ್ತದೆ, ನೂಲಿನ ಬಣ್ಣ ಮಾಸುತ್ತದೆ. ಆಗ ಹೊಸ ತಂತಿಯನ್ನು ಕಟ್ಟಿ ಹಳೆಯದನ್ನು ಬಿಸುಟರೆ, ಪ್ರತಿಯನ್ನು ತೆಗೆದು ತಾಳೆಗರಿಯ ಮಾತೃಕೆಯನ್ನು ಒಲೆಗೆ ಹಾಕಿದ ಲಿಪಿಕಾರನ ದೋಷವೇ ಸಂಭವಿಸುತ್ತದೆ. ಆದಕಾರಣ ಮೂಲ ತಂತಿಜಾಲದ ನಿರ್ಣಯವು ಗ್ರಂಥಸಂಪಾದನೆಯ ಕ್ರಮವನ್ನೇ ಅನುಸರಿಸತಕ್ಕದ್ದೆಂಬುದು ಪ್ರಕೃತ ಲೇಖನದ ಪ್ರತಿಪಾದ್ಯವು.

ಮೊದಲು ದೇಶಕಾಲಗಳ ವಿಚಾರ. ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯ ಸೀಮೆಯು 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಪತನವಾದ ಬಳಿಕ 1860ರಲ್ಲಿ ನಿಜಾಮರಿಗೆ ಸೇರಿತು; 1948ರಲ್ಲಿ ಹೈದರಾಬಾದಿನೊಡನೆ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 2010ರಲ್ಲಿ ನೂತನ ಯಾದಗಿರಿ ಜಿಲ್ಲೆಗೆ ಸೇರಿತು. ಆದುದರಿಂದ ಇಲ್ಲಿ ಓಡಿದ ಹಳೆಯ ಗಾಡಿಯೊಂದರ ಪೂರ್ವವೃತ್ತವನ್ನು ಅರಸುವವನು ಕನ್ನಡದ ಕಾಗದಗಳಿಗಷ್ಟೇ ತೃಪ್ತನಾಗಲಾಗದು. ನಿಜಾಮರ ಆಡಳಿತದ ಉರ್ದು ದಫ್ತರವನ್ನೂ ನೋಡಬೇಕು. ಆ ಸರಕಾರವು 1932ರಲ್ಲಿಯೇ 27 ಬಸ್ಸುಗಳೊಡನೆ ಸಾರಿಗೆಯನ್ನು ಆರಂಭಿಸಿತ್ತೆಂಬುದು ಇಲ್ಲಿ ಸ್ಮರಣೀಯ.

ಆ ಸಂಸ್ಥಾನದ ಮೋಟಾರುಗಳಲ್ಲಿ ಪ್ರಸಿದ್ಧವಾದುದು ಹೈದರಾಬಾದಿನ ಚೌಮಹಲ್ಲಾ ಅರಮನೆಯ ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಇದನ್ನು ಬಯಸಿ ತರಿಸಹೇಳಿದರು. ಅವರು 1911ರಲ್ಲಿ ತೀರಿಕೊಂಡುದರಿಂದ ಅದು ಅವರ ಮಗನ ಆಳಿಕೆಗೆ ಸಂದಿತು. ಆ ಕಾಲದ ಸಿಲ್ವರ್ ಘೋಸ್ಟಿನ ಆರು ಸಿಲಿಂಡರುಗಳಲ್ಲಿ ಒಂದೊಂದಕ್ಕೂ ಎರಡೆರಡು ಪ್ಲಗ್ಗುಗಳು. ಒಂದಕ್ಕೆ ಮ್ಯಾಗ್ನೆಟೋವಿನಿಂದ, ಇನ್ನೊಂದಕ್ಕೆ ಬ್ಯಾಟರಿ ಮತ್ತು ಕಾಯಿಲಿನಿಂದ ಕಿಡಿ. ವಿದ್ಯುದ್ದೀಪ ಮತ್ತು ಸ್ವಯಂಚಾಲಕಗಳು ಈ ಮಾದರಿಗೆ ಸಾಮಾನ್ಯವಾಗಿ ಬಂದುದು 1919ರಲ್ಲಿ. ಹೀಗಿರುವಲ್ಲಿ 1912ರ ಗಾಡಿಯೊಂದರಲ್ಲಿ ದೀಪಗಳ ತಂತಿ ಕಂಡುಬಂದರೆ ಅದು ಮೂಲಪಾಠವೋ ಪ್ರಕ್ಷೇಪವೋ ಎಂದು ಶಂಕಿಸಬೇಕಾಗುವುದು. ಅಂಥ ಸಂದೇಹಗಳಿಗೆ ಆ ಕಂಪನಿಯು ಛಾಸಿಗೊಂದರಂತೆ ಬರೆದಿಟ್ಟ ಪತ್ರಗಳೇ ಪ್ರಮಾಣ. ಛಾಸಿಯ ಸಂಖ್ಯೆಯನ್ನು ಗ್ರಂಥಾಂತ್ಯದ ಪುಷ್ಪಿಕೆಯೆಂದೇ ಗಣಿಸಬಹುದು.

ತಂತಿಗಳಿಗೂ ಒಂದು ವ್ಯಾಕರಣವುಂಟು. ಇಂಗ್ಲೆಂಡಿನ ಲೂಕಸ್ ಸಂಸ್ಥೆಯ ಪದ್ಧತಿಯು ನೆಲೆಗೊಂಡ ಮೇಲೆ ಬ್ಯಾಟರಿಯ ಮುಖ್ಯ ತಂತಿಗೆ ಕಂದು, ಕಿಡಿಯ ಕೀಲಿಯಿಂದ ಹೊರಡುವುದಕ್ಕೆ ಬಿಳಿ, ಅದೇ ಫ್ಯೂಸನ್ನು ದಾಟಿದ ಮೇಲೆ ಹಸಿರು, ಮುಂದಣ ದೊಡ್ಡ ದೀಪಗಳಿಗೆ ನೀಲಿ, ಪಕ್ಕದ ದೀಪಗಳಿಗೆ ಕೆಂಪು, ಅರ್ತಿಗೆ ಕಪ್ಪು ಎಂದಾಯಿತು. ಎರಡನೆಯ ಬಣ್ಣದ ಎಳೆಯು ಪ್ರತ್ಯಯದಂತೆ ಅರ್ಥವನ್ನು ವಿಶೇಷಿಸುತ್ತದೆ. ಧ್ರುವಭೇದವೂ ಗಮನಾರ್ಹ: 1950ರ ದಶಕದ ಅನೇಕ ಬ್ರಿಟಿಷ್ ಗಾಡಿಗಳಲ್ಲಿ ಅರ್ತಿಗೆ ಸೇರುತ್ತಿದ್ದುದು ಬ್ಯಾಟರಿಯ ಧನಧ್ರುವ. ಫೋರ್ಡ್ ಕಂಪನಿಯವರು 6 ವೋಲ್ಟಿನಿಂದ 12 ವೋಲ್ಟಿಗೂ ಋಣಧ್ರುವಕ್ಕೂ ಬಂದುದು 1956ರ ಮಾದರಿಯಲ್ಲಿ. ಈ ಭೇದವನ್ನರಿಯದೆ ಕಟ್ಟಿದ ತಂತಿಯಿಂದ ಯಂತ್ರಕ್ಕೆ ಹಾನಿಯೂ ಬೆಂಕಿಯ ಭಯವೂ ಉಂಟು.

ಭಾರತದಲ್ಲಿಯೇ ನಿರ್ಮಿತವಾದ ಗಾಡಿಗಳ ವಿಷಯದಲ್ಲಿ ಶಾಖಾಭೇದದ ಪ್ರಶ್ನೆ ಏಳುತ್ತದೆ. ಹಿಂದುಸ್ಥಾನ್ ಲ್ಯಾಂಡ್‌ಮಾಸ್ಟರಿಗೆ ಮಾರಿಸ್ ಆಕ್ಸ್‌ಫರ್ಡಿನ ಎರಡನೆಯ ಶ್ರೇಣಿಯೂ, ಅನಂತರದ ಅಂಬಾಸಿಡರಿಗೆ ಮೂರನೆಯ ಶ್ರೇಣಿಯೂ ಮೂಲ. ಮೈಕೋ 1951ರಲ್ಲಿಯೂ, ಮದರಾಸಿನಲ್ಲಿ ಲೂಕಸ್ ಟಿವಿಎಸ್ 1961ರಲ್ಲಿಯೂ ಸ್ಥಾಪಿತವಾದ ಮೇಲೆ ದೇಶೀಯ ಉಪಕರಣಗಳೂ ಸೇರಿದವು. ಅಂಬಾಸಿಡರಿನ ತಯಾರಿಕೆ 2014ರವರೆಗೆ ನಡೆದುದರಿಂದ ಕಾಲಕಾಲದ ಪಾಠಾಂತರಗಳು ಅನೇಕ. ಆದುದರಿಂದ ಆಂಗ್ಲ ನಕ್ಷೆಯನ್ನೇ ಪರಮಪ್ರಮಾಣವೆಂದು ಹಿಡಿದು ಇಲ್ಲಿಯ ಗಾಡಿಯನ್ನು ತಿದ್ದುವುದು ಒಂದು ಶಾಖೆಯ ಪಾಠವನ್ನು ಮತ್ತೊಂದಕ್ಕೆ ಹೇರಿದಂತೆ.

ಹಾಗಾದರೆ ಕ್ರಮವಾವುದು? ಹಳೆಯ ಕಟ್ಟನ್ನು ಕಳಚುವ ಮೊದಲು ಅದರ ಉದ್ದವನ್ನೂ ಕವಲುಗಳನ್ನೂ ಅಳೆದು ಬರೆಯಬೇಕು. ಕ್ಲಿಪ್ಪುಗಳ ಅಡಿಯಲ್ಲಿ, ಬೆಳಕು ತಾಗದ ಕಡೆ, ನೂಲಿನ ನಿಜವಾದ ಬಣ್ಣ ಉಳಿದಿರುವುದುಂಟು, ಅದನ್ನು ನೋಡಬೇಕು. ಡೈನಮೋ ಮೊದಲಾದ ಲೂಕಸ್ ಉಪಕರಣಗಳ ಮೇಲೆ ಒತ್ತಿರುವ ತಿಂಗಳು, ವರ್ಷಗಳನ್ನು ಛಾಸಿಯ ಕಾಲಕ್ಕೆ ಹೋಲಿಸಬೇಕು. ಆ ಬಳಿಕವೇ ಅದೇ ವರ್ಷದ ಕೈಪಿಡಿಯ ನಕ್ಷೆಯೊಡನೆ ಸಮನ್ವಯ. ಗಾಡಿಯಲ್ಲಿ ಕಂಡುದೂ ನಕ್ಷೆಯಲ್ಲಿರುವುದೂ ಭಿನ್ನವಾದರೆ ಎರಡನ್ನೂ ದಾಖಲಿಸತಕ್ಕದ್ದು. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದೂ ಬದಲಾವಣೆಗಳನ್ನು ದಾಖಲಿಸಬೇಕೆಂದೂ ವಾಹನದ ಆಯುಷ್ಯದಲ್ಲಿ ಆದ ಐತಿಹಾಸಿಕ ಮಾರ್ಪಾಟುಗಳನ್ನು ಗೌರವಿಸಬೇಕೆಂದೂ ಹೇಳುತ್ತದೆ.

ಇದರಿಂದ ಪ್ರಕ್ಷೇಪವೆಲ್ಲವೂ ತ್ಯಾಜ್ಯವಲ್ಲವೆಂದು ಸಿದ್ಧವಾಗುತ್ತದೆ. ಊರಿನ ಮಿಸ್ತ್ರಿಯೊಬ್ಬನು ಗಾಡಿ ಓಡುತ್ತಿದ್ದ ಕಾಲದಲ್ಲಿ ಕಟ್ಟಿದ ತಂತಿಯು ಕಾರಖಾನೆಯ ಮೂಲವಲ್ಲದಿದ್ದರೂ ಆ ಸೀಮೆಯ ಚರಿತ್ರೆಗೆ ಸಾಕ್ಷಿ; ಪಠ್ಯದಲ್ಲಿ ಸೇರಿಸಲಾಗದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವಂತೆ ಅದನ್ನು ಚೀಟಿಯೊಡನೆ ಕಾಪಿಡುವುದು ಯುಕ್ತ. ಶುದ್ಧಿಯ ಹೆಸರಿನಲ್ಲಿ ಸಾಕ್ಷ್ಯವನ್ನು ನಾಶಮಾಡಿದರೆ ಮುಂದಿನ ಪರಿಶೋಧಕನಿಗೆ ಉಳಿಯುವುದು ಹೊಸ ತಂತಿ ಮಾತ್ರ; ಅದರಿಂದ ಹಳೆಯ ಗಾಡಿಯ ವಿಷಯದಲ್ಲಿ ಆತನಿಗೆ ತಿಳಿಯುವುದೇನೂ ಇರುವುದಿಲ್ಲ.