ಇಕ್ಕೇರಿಗೆ ಬಂದ ಗೋವೆಯ ರಾಯಭಾರ

ಕೆಳದಿಯ ನಾಯಕರೆಂದೊಡನೆ ನಮಗೆ ನೆನಪಾಗುವುದು ಕೋಟೆ, ಕಾಳಗ, ದೇವಾಲಯ, ಮಠಗಳಿಗಿತ್ತ ದತ್ತಿ. ಪರರಾಜ್ಯದಲ್ಲಿದ್ದು ಮಾತಿನ ಬಲದಿಂದಲೇ ಅರಸನ ಕಾರ್ಯವನ್ನು ನಡೆಸಿದವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅಂಥವರಲ್ಲೊಬ್ಬನು ವೆಂಕಟಪ್ಪನಾಯಕನ ರಾಯಭಾರಿ ವಿಠಲ ಶೆಣೈ.

1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಫೆರ್ನಾಂಡಿಸ್ ಲೈತಾವೊ ಎಂಬವನನ್ನು ಇಕ್ಕೇರಿಗೆ ಕಳುಹಿಸಿದರು. ಗೋವೆಯಲ್ಲಿದ್ದ ಶೆಣೈಯೂ ಅವನೊಡನೆ ಹಿಂದಿರುಗಿದನು. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಜೊತೆಗಿದ್ದು ಪತ್ರಗಳಲ್ಲಿ ಬರೆದಿಟ್ಟುದರಿಂದ ಈ ವೃತ್ತಾಂತ ನಮಗೆ ಉಳಿದಿದೆ. ಹೊನ್ನಾವರ, ಗೇರುಸೊಪ್ಪೆಗಳನ್ನು ದಾಟಿ ಅವರು ಘಟ್ಟವೇರಿದರು. ಅಲ್ಲಿ ಹನುಮಂತನ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ನುಣುಪು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಉಪಾಧ್ಯಾಯರಿಲ್ಲದಾಗ ತಪ್ಪಿದರೆ ತಿದ್ದುವವರಾರೆಂದು ಕೇಳಿದರೆ, ನಾಲ್ವರೂ ಒಟ್ಟಿಗೆ ತಪ್ಪಲಾರೆವೆಂದರಂತೆ! ಬಹುಕಾಲ ಮಗ್ಗಿ ಹೇಳಿಸಿದ ನನಗೆ ಈ ಪುಟವನ್ನು ಬೇಗನೆ ಮಗುಚಲಾಗಲಿಲ್ಲ.

ಲೈತಾವೊವಿನ ಮುಖ್ಯ ಬೇಡಿಕೆ, ತುಳುನಾಡಿನಲ್ಲಿ ವೆಂಕಟಪ್ಪನು ಗೆದ್ದುಕೊಂಡಿದ್ದ ಬಂಗರಸನ ಸೀಮೆಯನ್ನು ಹಿಂದಿರುಗಿಸಬೇಕೆಂಬುದು. ಬಂಗರಸನು ಪೋರ್ಚುಗೀಸರ ಮಿತ್ರ. ವೆಂಕಟಪ್ಪನು ಉಳ್ಳಾಲದ ರಾಣಿಯ ಪಕ್ಷ. ಇಕ್ಕೇರಿಯ ಕಡೆಯವರಾದರೋ ಮೆಣಸಿನ ಹಣದ ಮಾತನ್ನು ಮುಂದಿಟ್ಟರು. ಘಟ್ಟದ ಮೆಣಸಿಲ್ಲದೆ ಗೋವೆಯ ಹಡಗುಗಳಿಗೆ ಸರಕಿಲ್ಲ. ಅದರ ಹಿಂದಿನ ವರ್ಷವೇ, 1622ರಲ್ಲಿ, ಪೋರ್ಚುಗೀಸರು ಹೊರ್ಮುಜನ್ನು ಪಾರಸಿಕರಿಗೂ ಇಂಗ್ಲಿಷರಿಗೂ ಸೋತಿದ್ದರು. ಗೋವೆಯಲ್ಲಿ ಕುಳಿತಿದ್ದ ಶೆಣೈಗೆ ಈ ಬಡತನ ಕಾಣದೆ ಇದ್ದೀತೆ? ಅರಸನ ಬಿಗಿನಿಲುವಿನ ಹಿಂದೆ ಅವನ ವರದಿಯಿತ್ತೆಂದು ನಾನು ಊಹಿಸುತ್ತೇನೆ.

ವೆಂಕಟಪ್ಪನು ಲಿಂಗವಂತನೆಂದೂ ಮಾಂಸವನ್ನು ಮುಟ್ಟದವನೆಂದೂ ದೆಲ್ಲ ವಾಲ್ಲೆ ಗುರುತಿಸಿದ್ದಾನೆ. ಜಂಗಮರಿಗೆ ಜನ ಸಲ್ಲಿಸುತ್ತಿದ್ದ ಗೌರವವನ್ನೂ ಕಂಡಿದ್ದಾನೆ. ಅಂತಹ ಅರಸನು ಗೋವೆಯ ಕಾರ್ಯವನ್ನು ಒಪ್ಪಿಸಿದ್ದು, ಹೆಸರೇ ಹೇಳುವಂತೆ, ಕೊಂಕಣಿ ಬ್ರಾಹ್ಮಣನಿಗೆ. ಆ ಊರಿನ ನುಡಿ ಬಲ್ಲವನನ್ನು ಆರಿಸಿದ್ದರಲ್ಲಿ ಜಾಣ್ಮೆಯಿದೆ.

ನವೆಂಬರಿನಲ್ಲಿ ದೆಲ್ಲ ವಾಲ್ಲೆ ಬಸರೂರಿನತ್ತ ಘಟ್ಟವಿಳಿದನು. ಬಂಗರಸನ ಸೀಮೆಗಾಗಿ ಬಂದಿದ್ದ ಲೈತಾವೊ ಇಕ್ಕೇರಿಯಲ್ಲೇ ಉಳಿದನು.