ವಿಮಾನವೇರುವ ಬೇಟೆ

ಸೆಪ್ಟೆಂಬರ್ ಬಂತೆಂದರೆ ಅಲಾಸ್ಕಾದ ಆಂಕರೇಜ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸುಗಳ ಜೊತೆಗೆ ಬಿಗಿಯಾಗಿ ಕಟ್ಟಿದ ಮಾಂಸದ ಪೆಟ್ಟಿಗೆಗಳೂ ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಮೂಸ್ ಮಾಂಸವೂ ಇರುತ್ತದೆ. ಕುದುರೆಗಿಂತ ಎತ್ತರದ ಈ ದೈತ್ಯ ಜಿಂಕೆಯನ್ನು ಪರವಾನಗಿ ಪಡೆದು ಹೊಡೆದವರು ಮಾಂಸವನ್ನು ಸಾವಿರಾರು ಕಿಲೋಮೀಟರ್ ದೂರದ ತಮ್ಮ ಮನೆಗೆ ಒಯ್ಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯೆಂದರೆ ಅಪರಾಧವೆಂದೇ ತಿಳಿದಿರುವ ನಮಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಮೂಸ್ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬರುವುದು ಅಪರಾಧ!

ದೊಡ್ಡ ಗಂಡು ಮೂಸ್ ಒಂದರಿಂದ ಸುಮಾರು 225 ಕಿಲೋ ಮಾಂಸ ಸಿಗುತ್ತದೆ. ರಸ್ತೆಯಿಲ್ಲದ ಕಡೆ ಅಷ್ಟನ್ನೂ ಬೆನ್ನ ಮೇಲೆ ಹೊತ್ತು, ಪುಟ್ಟ ವಿಮಾನ ಇಳಿಯುವ ಜಾಗಕ್ಕೆ ತರಬೇಕು. ಗೋಡೆಗೆ ತೂಗುಹಾಕುವ ಕೊಂಬಿಗಾಗಿಯೇ ಹೋದವರಿಗೂ ವಿನಾಯಿತಿ ಇಲ್ಲ. ಮಾಂಸವೆಲ್ಲ ಹೊರಬಿದ್ದ ಮೇಲೆ, ಇಲ್ಲವೇ ಕೊನೆಯ ಹೊರೆಯ ಜೊತೆಗೆ ಕೊಂಬು.

ಕಾಡಿನಲ್ಲಿ ಮಾಂಸವನ್ನು ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ತೂಗುಹಾಕುತ್ತಾರೆ. ಪ್ಲಾಸ್ಟಿಕ್ ಕೂಡದು; ದೇಹದ ಬಿಸಿ ಒಳಗೇ ಉಳಿದು ಮಾಂಸ ಕೆಡುತ್ತದೆ. ಪಟ್ಟಣಕ್ಕೆ ಬಂದ ಮೇಲೆ ಎಲ್ಲ ತಿರುಗುಮುರುಗು. ಮೂಳೆ ಬಿಡಿಸಿ, ಗಾಳಿ ಹೀರಿ ತೆಗೆದ ಪ್ಲಾಸ್ಟಿಕ್ ಚೀಲಗಳಲ್ಲಿ ಮುಚ್ಚಿ, ಕಲ್ಲಿನಂತಾಗುವವರೆಗೆ ಹೆಪ್ಪುಗಟ್ಟಿಸುತ್ತಾರೆ. ಪೆಟ್ಟಿಗೆ ಸಾಮಾನ್ಯವಾಗಿ 23 ಕಿಲೋ ಮೀರುವಂತಿಲ್ಲ, ಮೀರಿದರೆ ಹೆಚ್ಚುವರಿ ದುಡ್ಡು. ಸಂದಿಯಿಲ್ಲದಂತೆ ಒತ್ತಾಗಿ ತುಂಬಿದರೆ ಮಾಂಸವೇ ಮಂಜುಗಡ್ಡೆಯ ಕೆಲಸ ಮಾಡುತ್ತದೆ. ಡ್ರೈ ಐಸ್ ಇಡುವುದಾದರೆ ಪ್ರಯಾಣಿಕನೊಬ್ಬನಿಗೆ ಎರಡೂವರೆ ಕಿಲೋ ಮಿತಿ, ವಿಮಾನ ಕಂಪೆನಿಯ ಒಪ್ಪಿಗೆಯೂ ಬೇಕು. ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಅನಿಲ ಹೊರಹೋಗಲು ದಾರಿಯಿಲ್ಲದಿದ್ದರೆ ಪೆಟ್ಟಿಗೆ ಸಿಡಿದೀತು.

ಇವೆಲ್ಲ ಮಾಂಸ ಕೆಡದಿರಲು, ವಿಮಾನಕ್ಕೆ ಅಪಾಯವಾಗದಿರಲು. ಆದರೆ ಬೇಟೆಯ ಮಾಂಸದ ಸಾಗಾಟಕ್ಕೆ ಅಮೆರಿಕದ ಕಾನೂನು ಮೊದಲು ಕೈಹಾಕಿದ್ದೇಕೆ? ಇದನ್ನು ತಿಳಿಯಲು ವಿಮಾನವಿಳಿದು ರೈಲು ಹತ್ತಬೇಕು.

ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಪ್ಯಾಸೆಂಜರ್ ಪಾರಿವಾಳಗಳ ಸಂಖ್ಯೆ 300 ಕೋಟಿಗೂ ಹೆಚ್ಚಿತ್ತೆಂಬ ಅಂದಾಜಿದೆ. ಸುತ್ತಲಿನ ಹಳ್ಳಿಗರು ತಿಂದು ಮುಗಿಸುವ ಲೆಕ್ಕವಲ್ಲ ಅದು. ಆದರೆ 19ನೇ ಶತಮಾನದಲ್ಲಿ ಹಕ್ಕಿಗಳು ಗೂಡುಕಟ್ಟಿದ ಸುದ್ದಿಯನ್ನು ಟೆಲಿಗ್ರಾಫ್ ಊರೂರಿಗೆ ಮುಟ್ಟಿಸಿತು. ರೈಲು ಬೇಟೆಗಾರರನ್ನು ತಂದಿಳಿಸಿತು. ಪೀಪಾಯಿಗಳಲ್ಲಿ ಐಸ್ ಹಾಕಿ ತುಂಬಿದ ಹಕ್ಕಿಗಳು ಅದೇ ರೈಲಿನಲ್ಲಿ ಚಿಕಾಗೊ, ನ್ಯೂಯಾರ್ಕ್ ಪೇಟೆಗಳಿಗೆ ಹೋದವು. 1878ರಲ್ಲಿ ಮಿಷಿಗನ್ನಿನ ಪೆಟೋಸ್ಕಿ ಬಳಿ ಈ ಹತ್ಯೆ ವಾರಗಟ್ಟಲೆ ನಡೆಯಿತು. ಬಂದೂಕು, ಬಲೆಗಳ ಪಾಲು ಇದ್ದೇ ಇದೆ. ಕಾಡು ಕಡಿದದ್ದೂ ಹೌದು. ಆದರೆ ಮಾಂಸ ಕೆಡದೆ ದೂರ ಹೋಗುವಂತಾಗದಿದ್ದರೆ ಅಷ್ಟೊಂದು ಕೊಲ್ಲುವ ಆಸೆ ಯಾರಿಗೆ ಹುಟ್ಟುತ್ತಿತ್ತು?

ಐಯೋವಾದ ಸಂಸದ ಜಾನ್ ಲೇಸಿ ಹಿಡಿದದ್ದು ಈ ಸಾಗಾಟದ ಎಳೆಯನ್ನೇ. 1900ರ ಮೇ 25ರಂದು ಅಧ್ಯಕ್ಷ ಮೆಕಿನ್ಲಿ ಸಹಿ ಹಾಕಿದ ಲೇಸಿ ಕಾಯ್ದೆಯ ಪ್ರಕಾರ, ಒಂದು ರಾಜ್ಯದಲ್ಲಿ ಕಾನೂನು ಮೀರಿ ಕೊಂದ ಪ್ರಾಣಿಯನ್ನು ಇನ್ನೊಂದಕ್ಕೆ ಸಾಗಿಸುವುದು ಅಪರಾಧವಾಯಿತು. ಪೆಟ್ಟಿಗೆಯ ಮೇಲೆ ಕಳುಹಿಸುವವರ ಹೆಸರು, ಒಳಗೇನಿದೆ ಎಂಬ ವಿವರ ಬರೆಯಬೇಕಾಯಿತು. ಹಲವು ತಿದ್ದುಪಡಿ ಕಂಡ ಈ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.

ಪಾರಿವಾಳದ ಪಾಲಿಗೆ ಮಾತ್ರ ಅದು ತಡವಾಗಿ ಬಂತು. ಕೊನೆಯ ಪ್ಯಾಸೆಂಜರ್ ಪಾರಿವಾಳ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅದರ ದೇಹವನ್ನು ಸುಮಾರು 136 ಕಿಲೋ ತೂಕದ ಮಂಜುಗಡ್ಡೆಯೊಳಗೆ ಹುದುಗಿಸಿ, ರೈಲಿನಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಿಕೊಟ್ಟರು.